ಎರಡು ಫ್ಲಾಟ್ ಸೇರಿಸಿ ಒಂದೇ ಮನೆ ಮಾಡೋದು: ಗೋಡೆ ಎಷ್ಟು ತೆಗೀಬೇಕು, ಬಣ್ಣ ಹೇಗೆ ಹಾಕ್ಬೇಕು?

ಪ್ರಶ್ನೆ: ನಾವಿರೋ ಫ್ಲಾಟಿನ ಪಕ್ಕದ್ದನ್ನೂ ಈಗ ತಗೊಂಡಿದೀವಿ, ಎರಡೂ ಒಂದೇ ಮಹಡಿ, ನಡುವೆ ಒಂದು ಗೋಡೆ ಅಷ್ಟೇ. ನಾನು, ನಮ್ಮ ಯಜಮಾನ್ರು, ಮೂರು ಮಕ್ಕಳು, ಅತ್ತೆ, ಒಟ್ಟು ಆರು ಜನ. ಅತ್ತೆಗೆ ಕಣ್ಣು ಸ್ವಲ್ಪ ಮಂಜು. ಗೋಡೆ ಪೂರ್ತಿ ತೆಗೆಸಿಬಿಡೋಣ ಅಂತ ನಾನು, ಒಂದು ಬಾಗಿಲು ಇಟ್ರೆ ಸಾಕು ಅಂತ ಅವ್ರು. ಎರಡು ಅಡುಗೆಮನೆ, ಎರಡು ಮೇನ್ ಡೋರ್ ಇಟ್ಕೊಂಡು ಏನು ಮಾಡೋದು? ಮಕ್ಕಳು ಮೂವರೂ ಮೂರು ಬಣ್ಣ ಕೇಳ್ತಿದಾರೆ, ನನಗೂ ಬಣ್ಣ ಅಂದ್ರೆ ಪ್ರಾಣ, ಆದ್ರೆ ಮನೆ ಜಾತ್ರೆ ಥರ ಆಗುತ್ತೆ ಅಂತ ಯಜಮಾನ್ರಿಗೆ ಭಯ. ಎಲ್ಲಿಂದ ಶುರು ಮಾಡ್ಲಿ?

ಉತ್ತರ:

ನಿಮ್ಮ ಪ್ರಶ್ನೆ ಓದಿದ ತಕ್ಷಣ ತುಂಬಾ ವರ್ಷದ ಹಿಂದೆ ನಾನೇ ಮಾಡಿಕೊಟ್ಟ ಒಂದು ಮನೆ ನೆನಪಾಯ್ತು. ಎರಡು ಹಾಲ್ ನಡುವಿನ ಗೋಡೆ ತೆಗೆಸಿ ಮೂರೂವರೆ ಮೀಟರ್ ಅಗಲ ಬಿಚ್ಚಿದ್ವಿ, ನೋಡೋಕೆ ಬಹಳ ಚೆನ್ನಾಗಿತ್ತು. ಆರು ತಿಂಗಳು ಬಿಟ್ಟು ಹೋದ್ರೆ ಮನೆಯವರೆಲ್ಲ ಹಳೇ ಹಾಲಲ್ಲೇ ಒತ್ತಿಕೊಂಡು ಕೂತಿದ್ರು, ಆಚೆ ಹಾಲಲ್ಲಿ ಇಸ್ತ್ರಿ ಟೇಬಲ್, ಒಣಗಿದ ಬಟ್ಟೆ ರಾಶಿ, ಗಾಳಿ ಹೋದ ಒಂದು ಸೈಕಲ್. ಯಾಕೆ ಅಂದ್ರೆ ಅಡುಗೆಮನೆ, ನೀರು ಕುಡಿಯೋ ಜಾಗ, ಚಪ್ಪಲಿ ಬಿಡೋ ಜಾಗ, ಟಿವಿ ಎಲ್ಲ ಈಚೆ ಕಡೆನೇ ಇತ್ತು, ಆಚೆ ಹೋಗೋಕೆ ಯಾರಿಗೂ ಕಾರಣನೇ ಇರ್ಲಿಲ್ಲ. ಊಟದ ಟೇಬಲನ್ನ ಆ ಕಡೆಗೆ ಸಾಗಿಸಿದ ಮೇಲೆ, ಬರೀ ಒಂದು ಟೇಬಲ್, ಆ ಮನೆ ಒಂದಾಯ್ತು. ಅವತ್ತಿಂದ ಯಾರೇ ಫ್ಲಾಟ್ ಸೇರಿಸಬೇಕು ಅಂತ ಬಂದ್ರೂ ಗೋಡೆ ವಿಷ್ಯ ಆಮೇಲೆ ಮಾತಾಡೋಣ, ಮೊದ್ಲು ಓಡಾಟ ತೋರ್ಸಿ ಅಂತೀನಿ.

ನೀವೂ ಅದನ್ನೇ ಮಾಡಿ. ದೊಡ್ಡ ಹಾಳೆ ಮೇಲೆ ಎರಡೂ ಫ್ಲಾಟಿನ ಪ್ಲಾನ್ ಪಕ್ಕಪಕ್ಕ ಬರ್ಕೊಳ್ಳಿ, ಆರು ಜನಕ್ಕೆ ಆರು ಬಣ್ಣದ ಪೆನ್ಸಿಲ್, ಹೊಸ ಮನೇಲಿ ಯಾರು ಎಲ್ಲಿ ಮಲಗ್ತಾರೆ ಅಂತ ಗುರುತು ಹಾಕಿ ಬೆಳಿಗ್ಗೆ ಎದ್ದಾಗಿಂದ ರಾತ್ರಿ ಲೈಟ್ ಆರಿಸೋವರೆಗೆ ಅವರವರ ಓಡಾಟದ ಗೆರೆ ಎಳೀರಿ. ಮಕ್ಕಳ ಕೈಲೇ ಎಳೆಸಿ, ಅವ್ರು ಸುಳ್ಳು ಹೇಳಲ್ಲ. ಗೆರೆಗಳೆಲ್ಲ ಆ ನಡುಗೋಡೆಯನ್ನ ಎಲ್ಲಿ ಜಾಸ್ತಿ ದಾಟ್ತಾವೋ ಅಲ್ಲೇ ನಿಮ್ಮ ದಾರಿ ಬರ್ಬೇಕು. ಬಹಳ ಸಲ ಅದು ಹಾಲ್ ಮಧ್ಯದಲ್ಲಿ ಇರೋದೇ ಇಲ್ಲ, ಅಡುಗೆಮನೆ ಹತ್ರನೋ ಪ್ಯಾಸೇಜ್ ಕೊನೆಯಲ್ಲೋ ಇರುತ್ತೆ. ಇನ್ನೊಂದು ಮಾತು, ದಾರಿ ಒಂದೇ ಇದ್ರೆ ಆಚೆ ಫ್ಲಾಟು ಡೆಡ್ ಎಂಡ್ ಆಗುತ್ತೆ, ಎರಡು ಕಡೆ ದಾರಿ ಇದ್ರೆ ಮನೆ ಸುತ್ತಿ ಬರಬಹುದು, ಮಕ್ಕಳಿರೋ ಮನೇಲಿ ಅದ್ರ ಸುಖನೇ ಬೇರೆ. ಹಾಗಾಗಿ ನಿಮ್ಮಿಬ್ಬರ ವಾದಕ್ಕೆ ನನ್ನ ತೀರ್ಪು ಏನಪ್ಪಾ ಅಂದ್ರೆ, ಗೋಡೆ ಪೂರ್ತಿ ತೆಗೆಯೋದೂ ಬೇಡ, ಒಂದೇ ಬಾಗಿಲೂ ಸಾಲ್ದು. ಸುಮಾರು ಒಂದೂವರೆಯಿಂದ ಎರಡು ಮೀಟರ್ ಅಗಲದ್ದೊಂದು ದೊಡ್ಡ ತೆರಪು, ಬೆಡ್‌ರೂಮ್ ಕಡೆ ಮಾಮೂಲಿ ಬಾಗಿಲಿನಷ್ಟು ಇನ್ನೊಂದು. ಗೋಡೆ ಒಂದಿಷ್ಟು ಉಳಿದ್ರೆ ಸೋಫಾ ಒರಗಿಸೋಕೆ, ಪುಸ್ತಕದ ಕಪಾಟು ಇಡೋಕೆ ಜಾಗ ಸಿಗುತ್ತೆ, ಒಬ್ರು ಟಿವಿ ನೋಡ್ತಿರುವಾಗ ಇನ್ನೊಬ್ರು ಓದಬಹುದು.

ದೊಡ್ಡ ತೆರಪಿಗೆ ಗೋಡೆಯೊಳಗೋ ಗೋಡೆ ಮೇಲೋ ಸರಿಯೋ ಸ್ಲೈಡಿಂಗ್ ಬಾಗಿಲು ಇಡಿಸಿ. ಇದು ಹೊಸ ಐಡಿಯಾ ಏನಲ್ಲ, 1924ರಲ್ಲಿ ನೆದರ್ಲೆಂಡ್ಸಿನ ಊಟ್ರೆಕ್ಟ್‌ನಲ್ಲಿ ಖೆರಿಟ್ ರೀಟ್‌ವೆಲ್ಡ್ ಅನ್ನೋ ವಿನ್ಯಾಸಕಾರ ಮೂರು ಮಕ್ಕಳ ತಾಯಿ ಟ್ರೂಸ್ ಶ್ರೋಡರ್ ಅವರ ಜೊತೆ ಕೂತು ಮಾಡಿದ ಮನೆ ಇದೆ, ಮೇಲಿನ ಮಹಡಿ ಹಗಲೆಲ್ಲ ಒಂದೇ ದೊಡ್ಡ ಕೋಣೆ, ರಾತ್ರಿ ಹಲಗೆ ಸರಿಸಿದ್ರೆ ಬೇರೆ ಬೇರೆ ಬೆಡ್‌ರೂಮು. ಕೆಂಪು ಹಳದಿ ನೀಲಿ ಅಲ್ಲಿ ಅಲಂಕಾರಕ್ಕೆ ಬಂದಿದ್ದಲ್ಲ, ಎಲ್ಲಿ ಏನು ಸರಿಯುತ್ತೆ ಎಲ್ಲಿ ಏನು ನಿಲ್ಲುತ್ತೆ ಅನ್ನೋದು ಆ ಬಣ್ಣಗಳಿಂದಲೇ ಓದೋಕೆ ಬರುತ್ತೆ. ನೂರು ವರ್ಷ ಆದ್ರೂ ದೊಡ್ಡ ಕುಟುಂಬಕ್ಕೆ ಅದಕ್ಕಿಂತ ಒಳ್ಳೇ ಪಾಠ ನಾನಂತೂ ನೋಡಿಲ್ಲ.

ಈಗ ಗೋಡೆ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಮೇಸ್ತ್ರಿ ಬಂದು ಬೆರಳಲ್ಲಿ ತಟ್ಟಿ ನೋಡಿ "ಇದು ಬರೀ ಇಟ್ಟಿಗೆ, ತೆಗೀಬಹುದು" ಅಂದ್ರೆ ನಂಬ್ಬೇಡಿ, ಅದು ನಿಜ ಇರಬಹುದು, ಆದ್ರೂ ನಂಬ್ಬೇಡಿ. ಮೊದ್ಲು ಕಟ್ಟಡದ ಮೂಲ ಸ್ಟ್ರಕ್ಚರಲ್ ಡ್ರಾಯಿಂಗ್ ಹುಡುಕಿ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಕೊಡಿ. ಪಿಲ್ಲರು ಬೀಮು ಇರೋ ಆರ್‌ಸಿಸಿ ಕಟ್ಟಡ ಆದ್ರೆ ನಡುವಿನ ಇಟ್ಟಿಗೆ ಗೋಡೆ ಸಾಮಾನ್ಯವಾಗಿ ಮೇಲಿನ ಭಾರ ಹೊತ್ತಿರಲ್ಲ. ಆದ್ರೆ ಅದೇ ಜಾಗದಲ್ಲಿ ಕಾಂಕ್ರೀಟ್ ಶಿಯರ್ ವಾಲ್ ಇದ್ರೆ ಅದನ್ನ ಮುಟ್ಟೋ ಹಾಗೇ ಇಲ್ಲ, ಗಾಳಿಗೂ ಭೂಕಂಪಕ್ಕೂ ಕಟ್ಟಡ ಅಲ್ಲಾಡದೆ ನಿಲ್ಲೋದು ಅದರಿಂದ. ಹಳೇ ಲೋಡ್ ಬೇರಿಂಗ್ ಕಟ್ಟಡದಲ್ಲಿ ಗೋಡೆಗಳೇ ಭಾರ ಹೊರೋದು, ಅಲ್ಲಿ ತೆರಪು ಮಾಡ್ಬೇಕಾದ್ರೆ ಜಾಕಿ ಕೊಟ್ಟು, ಸ್ಟೀಲ್ ಬೀಮು ಕೂರಿಸಿ, ಆಮೇಲೆ ಕತ್ತರಿಸಬೇಕು. ಇನ್ನು ಕಾರ್ಖಾನೇಲಿ ಎರಕ ಹೊಯ್ದ ಕಾಂಕ್ರೀಟ್ ಪ್ಯಾನೆಲ್ ಜೋಡಿಸಿ ಕಟ್ಟಿದ ಕಟ್ಟಡಗಳಿವೆ, ಅಲ್ಲಿ ಗೋಡೆಗಳೇ ಕಂಬ. 1968ರಲ್ಲಿ ಲಂಡನ್ನಿನ ರೋನನ್ ಪಾಯಿಂಟ್ ಅನ್ನೋ 22 ಮಹಡಿ ಕಟ್ಟಡದ 18ನೇ ಮಹಡೀಲಿ ಗ್ಯಾಸ್ ಸಿಡಿದು ಒಂದು ಪ್ಯಾನೆಲ್ ಗೋಡೆ ಹಾರಿಹೋಗಿದ್ದಕ್ಕೆ ಆ ಮೂಲೆ ಮೇಲಿಂದ ಕೆಳಗಿನವರೆಗೆ ಕುಸೀತು, 4 ಜನ ಸತ್ರು. ಒಂದು ಗೋಡೆ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇನ್ನೊಂದು ಜಾಗ ತುಂಬಾ ಜನ ಎಡವೋದು, ಕಟ್ಟಡದ ಎರಡು ಭಾಗದ ನಡುವೆ ಬೇಕಂತಲೇ ಬಿಟ್ಟ ಸಂದು, ಅಂದ್ರೆ ಎಕ್ಸ್‌ಪಾನ್ಶನ್ ಜಾಯಿಂಟ್. ಎರಡು ಫ್ಲಾಟ್ ನಡುವೆ ಗೋಡೆ ಮಾಮೂಲಿಗಿಂತ ದಪ್ಪ ಇದ್ರೆ, ಅಥವಾ ಒಂದರ ಪಕ್ಕ ಒಂದು ಜೋಡಿ ಪಿಲ್ಲರ್ ಕಂಡ್ರೆ, ಹೊರಗಡೆ ಗೋಡೆ ಮೇಲೆ ನೆಲದಿಂದ ತಾರಸಿವರೆಗೆ ನೇರ ಒಂದು ಪಟ್ಟಿ ಇದ್ಯಾ ಅಂತ ನೋಡಿ. ಇದ್ರೆ ನಿಮ್ಮದು ಎರಡು ಫ್ಲಾಟ್ ಅಲ್ಲ, ರಚನೆ ಲೆಕ್ಕದಲ್ಲಿ ಎರಡು ಬೇರೆ ಕಟ್ಟಡ. ಬಿಸಿಲು ಚಳಿಗೆ ಎರಡೂ ಅವುಗಳ ಪಾಡಿಗೆ ಹಿಗ್ಗಿ ಕುಗ್ಗುತ್ತವೆ. ಅದರ ಮೇಲೆ ಟೈಲ್ ಒಂದೇ ಸಮ ಹಾಸಿದ್ರೆ ಎಷ್ಟು ದುಬಾರಿ ಟೈಲ್ ಆದ್ರೂ ಸೀಳುತ್ತೆ. ಅಲ್ಲಿ ದಾರಿ ಮಾಡೋಕೆ ಇಂಜಿನಿಯರ್ ಒಪ್ಪಿದ್ರೂ ನೆಲ, ಗೋಡೆ, ಸೀಲಿಂಗ್ ಮೂರರಲ್ಲೂ ಅಲ್ಲಾಡೋಕೆ ಬಿಡೋ ಜಾಯಿಂಟ್ ಪಟ್ಟಿ ಇರ್ಲೇಬೇಕು.

ಪರವಾನಗಿ ವಿಷ್ಯ ಚಿಕ್ಕದಾಗಿ ಹೇಳ್ಬಿಡ್ತೀನಿ. ಕಟ್ಟಡದ ಸಂಘ, ಸ್ಥಳೀಯ ಆಡಳಿತ, ಸಾಲ ಇದ್ರೆ ಬ್ಯಾಂಕು, ಇನ್ಶೂರೆನ್ಸು, ನಾಲ್ಕೂ ಕಡೆ ಬರವಣಿಗೆಯಲ್ಲಿ ಒಪ್ಪಿಗೆ ತಗೊಂಡು ಆಮೇಲೆ ಕೆಲಸ. ಎರಡೂ ಪತ್ರಗಳನ್ನ ಒಂದು ಮಾಡಿಸಬೇಕಾ ಬೇಡವಾ ಅಂತ ವಕೀಲರನ್ನ ಕೇಳಿ, ಮುಂದೆ ಒಬ್ಬ ಮಗನಿಗೋ ಮಗಳಿಗೋ ಒಂದನ್ನ ಬೇರೆ ಮಾಡಿ ಕೊಡೋ ಯೋಚನೆ ಇದ್ರೆ ಬೇರೆ ಬೇರೆನೇ ಇರ್ಲಿ.

ಗೋಡೆ ಬೀಳಿಸೋ ದಿನದ ಬಗ್ಗೆ ಒಂದು ಲೆಕ್ಕ. 2 ಮೀಟರ್ ಅಗಲ, 2.4 ಮೀಟರ್ ಎತ್ತರ, 23 ಸೆಂಟಿಮೀಟರ್ ದಪ್ಪದ ಇಟ್ಟಿಗೆ ಗೋಡೆ ಅಂದ್ರೆ ಹೆಚ್ಚುಕಡಿಮೆ 2 ಟನ್. ಮನೆ ಸ್ಲ್ಯಾಬನ್ನ ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 200 ಕೆಜಿ ಹೊರೋ ಹಾಗೆ ಮಾಡಿರ್ತಾರೆ. ಕೆಲಸದವರು ಒಡೆದ ಇಟ್ಟಿಗೆಯನ್ನ ಕೋಣೆ ಮಧ್ಯೆ ಗುಡ್ಡೆ ಹಾಕಿ ಊಟಕ್ಕೆ ಹೋಗ್ತಾರೆ, ಕೆಳಗಿನ ಮನೆ ಸೀಲಿಂಗಲ್ಲಿ ಬಿರುಕು ಬರೋದು ಹೀಗೇ. ಒಡೆದಂಗೆ ಒಡೆದಂಗೆ ಚೀಲಕ್ಕೆ ತುಂಬಿ ಕೆಳಗೆ ಇಳಿಸ್ತಿರಬೇಕು. ಗೋಡೆ ಒಡೆಯೋ ಬ್ರೇಕರ್ ಮೆಷಿನ್ ಹಾಕಿ ಗುದ್ದೋದಕ್ಕಿಂತ ಡೈಮಂಡ್ ಬ್ಲೇಡಲ್ಲಿ ಅಂಚು ಕೊಯ್ಸಿ, ಆಮೇಲೆ ಮೇಲಿಂದ ಕೆಳಕ್ಕೆ ಬಿಡಿಸಿಕೊಂಡು ಬನ್ನಿ, ಅಂಚೂ ನೀಟಾಗಿರುತ್ತೆ, ಅಕ್ಕಪಕ್ಕದವರ ಗೋಡೇನೂ ಅದುರಲ್ಲ. ಕಟ್ಟಡ ತುಂಬಾ ಹಳೇದಾದ್ರೆ ಹಳೇ ಪೇಂಟಲ್ಲಿ ಸೀಸ ಇರಬಹುದು, ಒಣಗಿದ ಗೋಡೆ ಉಜ್ಜಿಸಬೇಡಿ, ಟೆಸ್ಟ್ ಮಾಡಿಸಿ, ಮಕ್ಕಳನ್ನ ಆ ಧೂಳಿಂದ ದೂರ ಇಡಿ.

ಎಲೆಕ್ಟ್ರಿಕಲ್‌ನಲ್ಲಿ ಒಂದೇ ಒಂದು ಎಚ್ಚರಿಕೆ, ಆದ್ರೆ ಜೀವದ ವಿಷ್ಯ. ಎರಡು ಫ್ಲಾಟಿಗೆ ಎರಡು ಮೀಟರು, ಬಹುಶಃ ಎರಡು ಬೇರೆ ಫೇಸ್ (ಕರೆಂಟ್ ಬರೋ ಬೇರೆ ಬೇರೆ ಲೈನ್). ಗೋಡೆ ಹೋಗಿ ಕೋಣೆ ಒಂದಾದ ಮೇಲೆ ನಿಮ್ಮ ಮೇನ್ ಆಫ್ ಮಾಡಿದ್ರೂ ಅದೇ ಕೋಣೆಯ ಇನ್ನರ್ಧದಲ್ಲಿ ಕರೆಂಟ್ ಇರುತ್ತೆ. ಎರಡೂ ವೈರಿಂಗನ್ನ ಒಂದೇ ಸ್ವಿಚ್‌ಬೋರ್ಡಿಗೆ ತಂದ್ರೆ 230 ವೋಲ್ಟ್ ಇರೋ ಕಡೆ ಎರಡು ಫೇಸ್ ನಡುವೆ 400 ವೋಲ್ಟ್. ಹಾಗಾಗಿ ಒಂದೇ ಹೊಸ ಮೇನ್ ಬೋರ್ಡ್ ಮಾಡಿಸಿ, ಪ್ರತಿ ಬ್ರೇಕರ್ ಮೇಲೂ ಹೆಸರು ಬರೆಸಿ, ಅಲ್ಲೀವರೆಗೆ ಎರಡೂ ಮೇನ್ ಆಫ್ ಮಾಡದೆ ಯಾರೂ ಸ್ಕ್ರೂಡ್ರೈವರ್ ಮುಟ್ಟಬಾರದು.

ಎರಡನೇ ಅಡುಗೆಮನೆ ಬಗ್ಗೆ ಕೇಳಿದ್ರಲ್ಲ, ಅದನ್ನ ಬಟ್ಟೆ ಒಗೆಯೋ, ಇಸ್ತ್ರಿ ಮಾಡೋ ಜಾಗ ಮಾಡಿ. ನೀರಿದೆ, ಡ್ರೈನ್ ಇದೆ, ಕಿಟಕಿ ಇದೆ, ಕಟ್ಟೆನೂ ಇದೆ, ಇನ್ನೇನು ಬೇಕು. ಅದನ್ನ ಟಾಯ್ಲೆಟ್ ಮಾಡೋಣ ಅನ್ನೋರು ಜಾಸ್ತಿ, ನಾನು ಬೇಡ ಅಂತೀನಿ. ಟಾಯ್ಲೆಟ್ಟಿಗೆ 100 ಅಥವಾ 110 ಮಿಲಿಮೀಟರ್ ಪೈಪ್ ಬೇಕು, ಅದಕ್ಕೆ ಸಾಮಾನ್ಯವಾಗಿ 40ಕ್ಕೆ 1ರ ಇಳಿಜಾರು ಕೊಡ್ತಾರೆ, ಅಂದ್ರೆ ಪೈಪುಗಳು ಕೆಳಗಿಳಿಯೋ ಡಕ್ಟ್ 3 ಮೀಟರ್ ದೂರ ಇದ್ರೆ ಏಳೂವರೆ ಸೆಂಟಿಮೀಟರ್ ಇಳಿಬೇಕು, ಅಷ್ಟು ಜಾಗ ನಿಮ್ಮ ನೆಲದಲ್ಲಿ ಇರಲ್ಲ, ಕೆಳಗಿನವರ ಸೀಲಿಂಗ್ ನಿಮ್ಮದಲ್ಲ. ಅವರ ಬೆಡ್‌ರೂಮ್ ಮೇಲೆ ನಿಮ್ಮ ಟಾಯ್ಲೆಟ್ ಬಂದ್ರೆ ಜಗಳ ಗ್ಯಾರಂಟಿ. ಇನ್ನು ಬಳಸದೆ ಬಿಡೋ ಪೈಪುಗಳನ್ನ ನಲ್ಲಿ ಹತ್ರ ಮುಚ್ಚಿ ಬಿಡಬೇಡಿ, ಮೇನ್ ಲೈನಿಂದಲೇ ಕತ್ತರಿಸಿ ಮುಚ್ಚಿಸಿ, ಇಲ್ಲಾಂದ್ರೆ ಆ ಪೈಪಲ್ಲಿ ನಿಂತ ನೀರು ಕೊಳೆತು ರೋಗಾಣು ಬೆಳೆಯುತ್ತೆ. ಬಳಸದ ಫ್ಲೋರ್ ಟ್ರ್ಯಾಪಲ್ಲಿ, ಅಂದ್ರೆ ನೆಲದ ಜಾಲರಿ ಕೆಳಗೆ ವಾಸನೆ ತಡೆಯೋಕೆ ನೀರು ನಿಲ್ಲೋ ಜಾಗದಲ್ಲಿ, ನೀರು ಆರಿಹೋಗಿ ಮನೆಯೆಲ್ಲ ಚರಂಡಿ ವಾಸನೆ ಬರುತ್ತೆ, ಎಲ್ಲಿಂದ ಬರ್ತಿದೆ ಅಂತ ತಿಂಗಳುಗಟ್ಟಲೆ ಹುಡುಕಿದವರನ್ನ ನೋಡಿದೀನಿ.

ನೆಲ ಖಂಡಿತ ಒಂದೇ ಲೆವೆಲ್ ಇರಲ್ಲ, ಒಂದೆರಡು ಸೆಂಟಿಮೀಟರ್ ಏರುಪೇರು ಮಾಮೂಲಿ. ಅತ್ತೆಯವರಿಗೆ ಕಣ್ಣು ಮಂಜು ಅಂದ್ರಲ್ಲ, ಆ ಒಂದು ಸೆಂಟಿಮೀಟರ್ ತುಟಿನೇ ಅವರನ್ನ ಬೀಳಿಸೋದು, ದೊಡ್ಡ ಮೆಟ್ಟಿಲಾದ್ರೆ ಕಾಣುತ್ತೆ, ಇದು ಕಾಣಲ್ಲ. ಕೆಳಗಿರೋ ಕಡೆ ತಾನಾಗೇ ಹರಡಿ ಸಮ ಆಗೋ ಸೆಲ್ಫ್ ಲೆವೆಲಿಂಗ್ ಮಿಶ್ರಣ ಹಾಕಿ ನಿಧಾನಕ್ಕೆ ಇಳಿಯೋ ಹಾಗೆ ಮಾಡಿಸಿ. ಇಡೀ ಫ್ಲಾಟಿಗೆ 5 ಸೆಂಟಿಮೀಟರ್ ಸಿಮೆಂಟ್ ಹಾಸೋಣ ಅಂದ್ರೆ ಒಪ್ಪಬೇಡಿ, ಅದು ಚದರ ಮೀಟರಿಗೆ 100 ಕೆಜಿ ಮೇಲೆ ಭಾರ. ಎರಡು ಕಡೆ ಟೈಲ್ ಬೇರೆ ಬೇರೆ ಇದ್ರೆ ಹೊಂದಿಸೋಕೆ ಒದ್ದಾಡಬೇಡಿ, ತೆರಪಿನ ಜಾಗದಲ್ಲಿ ಗೋಡೆ ಇದ್ದಷ್ಟೇ ಅಗಲಕ್ಕೆ ಮೂರನೇ ಬಣ್ಣದ ಒಂದು ಪಟ್ಟಿ ಹಾಸಿ, ಬೇಕಂತಲೇ ಮಾಡಿದ್ದು ಅಂತ ಕಾಣಬೇಕು.

ಅಲ್ಲಿಗೆ ಬಣ್ಣಕ್ಕೆ ಬಂದ್ವಿ. ನಿಮ್ಮ ಯಜಮಾನ್ರ ಭಯ ನಿಜವಾದ ಭಯ, ಆದ್ರೆ ಮನೆ ಜಾತ್ರೆ ಆಗೋದು ಬಣ್ಣ ಜಾಸ್ತಿ ಆಗಿದ್ದಕ್ಕಲ್ಲ, ಒಂದಕ್ಕೊಂದು ಮಾತಾಡದ ಬಣ್ಣ ಸೇರಿದ್ದಕ್ಕೆ. ಎರಡು ಫ್ಲಾಟನ್ನ ನಿಜವಾಗ್ಲೂ ಹೊಲಿಯೋ ದಾರ ಬಣ್ಣನೇ, ಅದಕ್ಕೇ ಅದನ್ನ ಕೊನೇಲಿ ಪೇಂಟರ್ ಬಂದಾಗ ಯೋಚಿಸೋದು ತಪ್ಪು. ಮೊದ್ಲು ಇಡೀ ಮನೆಗೆ ಒಂದೇ ಬಿಳಿ ಆರಿಸಿ, ಎಲ್ಲಾ ಸೀಲಿಂಗಿಗೂ ಅದೇ ಡಬ್ಬದ ಬಿಳಿ, ಎರಡು ಥರದ ಬಿಳಿ ಇದ್ರೆ ಒಂದು ಕೊಳೆಯಾದ ಹಾಗೆ ಕಾಣುತ್ತೆ. ಎಲ್ಲಾ ಒಳಬಾಗಿಲಿಗೂ ಒಂದೇ ಬಣ್ಣ. ಆಮೇಲೆ ಐದಾರು ಬಣ್ಣದ ಗುಂಪು, ಇದರಾಚೆ ಹೋಗೋದಿಲ್ಲ ಅಂತ ನಿರ್ಧಾರ. ಸ್ವಿಸ್ ಮೂಲದ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ 1931ರಲ್ಲಿ ಒಂದು ವಾಲ್‌ಪೇಪರ್ ಕಂಪನಿಗೆ ಅಂತ 43 ಬಣ್ಣದ ಒಂದು ಸೆಟ್ ಮಾಡಿಕೊಟ್ಟಿದ್ರು, ಯಾವ್ದು ಗೋಡೆಯನ್ನ ಹಿಂದಕ್ಕೆ ತಳ್ಳುತ್ತೆ, ಯಾವ್ದು ಮುಂದಕ್ಕೆ ತರುತ್ತೆ ಅಂತೆಲ್ಲ ಯೋಚಿಸಿ ಜೋಡಿಸಿದ್ದು. ಅಂಥ ಮನುಷ್ಯನೂ ಆಯ್ಕೆಗೆ ಬೇಲಿ ಹಾಕಿಕೊಂಡೇ ಕೆಲಸ ಮಾಡಿದ್ದು.

ಮಕ್ಕಳಿಗೆ "ಯಾವ ಬಣ್ಣ ಬೇಕು" ಅಂತ ಕೇಳಬೇಡಿ, ನಿಮ್ಮ ಐದಾರರ ಗುಂಪು ಮುಂದಿಟ್ಟು "ಇದರಲ್ಲಿ ನಿಂದ್ಯಾವ್ದು" ಅಂತ ಕೇಳಿ. ಇಟ್ಟಿಗೆ ಕೆಂಪು, ಅರಿಶಿನ ಹಳದಿ, ಪಾಚಿ ಹಸಿರು, ನವಿಲು ನೀಲಿ, ಮಾಸಲು ಗುಲಾಬಿ ಅಂತ ಇಟ್ಕೊಳ್ಳಿ, ಐದರಲ್ಲೂ ಸ್ವಲ್ಪ ಮಣ್ಣಿನ ಮಂಕಿದೆ, ಅದಕ್ಕೇ ಜೊತೆಗೆ ಕೂರ್ತವೆ. ಇವುಗಳ ಮಧ್ಯೆ ಒಂದು ಮಿರಮಿರ ಮಿಂಚೋ ಗಿಳಿ ಹಸಿರು ಬಂದ್ರೆ ಅದೊಂದೇ ಕಿರುಚುತ್ತೆ. ಯಾರಾದ್ರೂ ಒಬ್ರು ಹಠ ಹಿಡಿದು ಗಾಢ ನೇರಳೆನೇ ಬೇಕು ಅಂದ್ರೆ ಕೊಡಿ, ಕಪಾಟಿನ ಒಳಗೆ, ಇಲ್ಲಾ ಮಂಚದ ಹಿಂದಿನ ಗೋಡೆಗೆ, ಬಾಗಿಲಿಂದ ಹೊರಗೆ ಕಾಣದ ಕಡೆ.

ಮುಖ್ಯವಾದದ್ದು ನಿಂತಲ್ಲಿಂದ ಏನು ಕಾಣುತ್ತೆ ಅನ್ನೋದು. ಆ ದೊಡ್ಡ ತೆರಪಿನ ಈಚೆ ನಿಂತ್ರೆ ಈ ಹಾಲಿನ ಗೋಡೆ, ಆಚೆ ಹಾಲಿನ ಗೋಡೆ, ಪ್ಯಾಸೇಜಿನ ಕೊನೆ, ಮೂರು ಬಣ್ಣ ಒಟ್ಟಿಗೆ ಕಣ್ಣಿಗೆ ಬೀಳುತ್ತೆ. ಆ ಮೂರು ಹೊಂದಿದ್ರೆ ಸಾಕು, ಉಳಿದಿದ್ದನ್ನ ಯಾರೂ ಒಟ್ಟಿಗೆ ನೋಡಲ್ಲ. ನನ್ನ ಕೈಯಲ್ಲಿ ಬಿಟ್ರೆ ನಾನು ಗೋಡೆಗಳಿಗೆ ಹೋಗೋ ಮುಂಚೆ ಕೊಯ್ದ ಗೋಡೆಯ ದಪ್ಪಕ್ಕೆ ಬಣ್ಣ ಹಾಕ್ತೀನಿ, ಅಂದ್ರೆ ತೆರಪಿನ ಎರಡು ಪಕ್ಕ ಮತ್ತೆ ಮೇಲಿನ ಅಡಿಭಾಗ, 23 ಸೆಂಟಿಮೀಟರ್ ಅಗಲದ ಆ ಪಟ್ಟಿಗೆ ಗಾಢ ಅರಿಶಿನ. ಎರಡು ಹಾಲೂ ತಿಳಿ ಬಣ್ಣ ಇರ್ಲಿ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಆ ಪಟ್ಟಿಯಿಂದ ಹಳದಿ ಬೆಳಕು ನೆಲಕ್ಕೆ ಚೆಲ್ಲುತ್ತೆ, ದಾಟುವಾಗ ಕಾಲ ಮೇಲೆ, ಸೀರೆ ಅಂಚಿನ ಮೇಲೆ ಬೀಳುತ್ತೆ. ಗೋಡೆ ಇದ್ದ ಗಾಯ ಮುಚ್ಚೋ ಬದಲು ಅದನ್ನೇ ಮನೆ ನಡುಮಧ್ಯ ಮಾಡಿದ ಹಾಗೆ. ಮೇಲೆ ಬೀಮ್ ಜೋತುಬಿದ್ದಿದ್ರೂ ಫಾಲ್ಸ್ ಸೀಲಿಂಗಲ್ಲಿ ಬಚ್ಚಿಡಬೇಡಿ, ಅದೇ ಅರಿಶಿನ ಅದಕ್ಕೂ ಹಾಕಿ.

ಶೇಡ್ ಕಾರ್ಡ್ ನೋಡಿ ಬಣ್ಣ ಆರಿಸಬೇಡಿ. ಬೆರಳಗಲದ ಕಾರ್ಡಲ್ಲಿ ಕಂಡ ಬಣ್ಣ ಇಡೀ ಕೋಣೆಗೆ ಬಂದಾಗ ಎದುರುಬದುರು ಗೋಡೆಗಳು ಒಂದರ ಬಣ್ಣವನ್ನ ಇನ್ನೊಂದರ ಮೇಲೆ ಎರಚಿ ಗಾಢ ಮಾಡ್ತವೆ, ಹಳದಿಯಂತೂ ಜಾಸ್ತಿನೇ, ಅದಕ್ಕೆ ನಿಮಗೆ ಇಷ್ಟ ಆಗಿದ್ದಕ್ಕಿಂತ ಒಂದು ಶೇಡ್ ತಿಳಿ ತಗೊಳ್ಳಿ. ದೊಡ್ಡ ರಟ್ಟಿಗೆ ಎರಡು ಕೋಟ್ ಹೊಡೆದು ಒಂದು ವಾರ ಗೋಡೆಯಿಂದ ಗೋಡೆಗೆ ಸಾಗಿಸ್ತಾ ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಕತ್ತಲಾಗ್ತಾ ಬಂದಂಗೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತೆ, ನೀಲಿ ಇನ್ನೂ ಕಾಣ್ತಿರುತ್ತೆ, ಇದನ್ನ ಪುರ್ಕಿನ್ಯೆ ಅನ್ನೋ ವಿಜ್ಞಾನಿ ಇನ್ನೂರು ವರ್ಷದ ಹಿಂದೆನೇ ಗಮನಿಸಿದ್ರು, ಹಾಗಾಗಿ ಬೆಳಕು ಕಮ್ಮಿ ಇರೋ ಪ್ಯಾಸೇಜಿಗೆ ಇಟ್ಟಿಗೆ ಕೆಂಪು ಬೇಡ. ಬಾತ್‌ರೂಮ್ ಕನ್ನಡಿ ಎದುರಿಗೆ ಹಸಿರೂ ಬೇಡ, ಮುಖ ಹುಷಾರಿಲ್ಲದವರ ಥರ ಕಾಣುತ್ತೆ. ಬಣ್ಣದ ಜೊತೆಗೆ ಬಲ್ಬುಗಳನ್ನೂ ಬದಲಾಯಿಸಿ, ಎರಡೂ ಕಡೆ ಒಂದೇ ಥರ, ಬೆಚ್ಚನೆ ಹಳದಿ ಬೆಳಕಿನ 2700 ಅಥವಾ 3000 ಕೆಲ್ವಿನ್, ಸಿಆರ್‌ಐ 90ರ ಮೇಲೆ (ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಳತೆ ಅದು). ಒಂದು ಕಡೆ ಹಳದಿ ಬೆಳಕು ಇನ್ನೊಂದು ಕಡೆ ಬಿಳಿ ಟ್ಯೂಬು ಇದ್ರೆ ಒಂದೇ ಡಬ್ಬದ ಪೇಂಟು ಎರಡು ಬಣ್ಣ ಆಗಿ ಕಾಣುತ್ತೆ, ಮತ್ತೆ ಎರಡು ಮನೆ.

ಅತ್ತೆಯವರಿಗೆ ಬಣ್ಣ ಬರೀ ಚಂದ ಅಲ್ಲ, ಅದು ದಾರಿ ತೋರ್ಸೋದು. ಪ್ರತಿ ಪೇಂಟಿಗೂ ಎಲ್‌ಆರ್‌ವಿ ಅಂತ 0ಯಿಂದ 100ರವರೆಗಿನ ಒಂದು ಸಂಖ್ಯೆ ಇರುತ್ತೆ, ಎಷ್ಟು ಬೆಳಕು ವಾಪಸ್ ಕೊಡುತ್ತೆ ಅನ್ನೋ ಲೆಕ್ಕ. ಬಾಗಿಲಿಗೂ ಗೋಡೆಗೂ, ಗೋಡೆಗೂ ಸ್ವಿಚ್ಚಿಗೂ, ನೆಲಕ್ಕೂ ಗೋಡೆಗೂ ಇದರಲ್ಲಿ 30 ಅಂಕ ವ್ಯತ್ಯಾಸ ಇರ್ಲಿ, ಕಣ್ಣು ಮಂಜಾದವರಿಗೆ ಆಗ ಅಂಚು ಕಾಣುತ್ತೆ. ಫೋನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ನೋಡಿ, ಅದರಲ್ಲಿ ಬಾಗಿಲು ಗೋಡೆಯೊಳಗೆ ಕರಗಿಹೋದ್ರೆ ಅವರಿಗೂ ಕರಗಿಹೋಗಿದೆ ಅಂತ ಅರ್ಥ. ಕೆಂಪು ಹಸಿರು ಪಕ್ಕಪಕ್ಕ ಇದ್ರೆ ನಮಗೆ ಬೇರೆ ಬೇರೆ ಕಾಣುತ್ತೆ, ಫೋಟೋದಲ್ಲಿ ಎರಡೂ ಒಂದೇ ಬೂದು ಆಗೋದು ನೋಡಿ ಎಷ್ಟೋ ಜನ ಬೆಚ್ಚಿಬಿದ್ದಿದಾರೆ.

ಎರಡನೇ ಮೇನ್ ಡೋರ್ ಮುಚ್ಚಬೇಡಿ, ಗೋಡೆ ಕಟ್ಟಿಸಬೇಡಿ, ಅಡ್ಡಕ್ಕೆ ಕಪಾಟೂ ಇಡಬೇಡಿ. ಮೊದ್ಲು ಎರಡು ಫ್ಲಾಟ್ ನಡುವೆ ಬೆಂಕಿ ತಡೆಯೋ ಗೋಡೆ ಇತ್ತು, ಈಗ ನೀವೇ ಅದನ್ನ ತೂತು ಮಾಡಿದೀರಿ, ಬದಲಿಗೆ ನಿಮಗೆ ಸಿಕ್ಕಿರೋದು ಎರಡನೇ ದಾರಿ. ಒಳಗಿಂದ ಕೀಲಿ ಇಲ್ಲದೆ ತೆಗೆಯೋ ಹಾಗಿರ್ಲಿ, ಎರಡು ಕಡೆನೂ ಸ್ಮೋಕ್ ಅಲಾರಂ ಹಾಕಿಸಿ ಒಂದು ಕೂಗಿದ್ರೆ ಇನ್ನೊಂದೂ ಕೂಗೋ ಥರ ಜೋಡಿಸಿ. ಅತ್ತೆಯವರ ಕೋಣೆ ಆ ಬಾಗಿಲ ಹತ್ರ ಇದ್ರೆ ಅವರನ್ನ ನೋಡೋಕೆ ಬರೋರು ಅಲ್ಲಿಂದಲೇ ಬರಬಹುದು, ಅವರಿಗೂ ತಮ್ಮದೇ ಹೊಸಿಲು ಅಂತ ಒಂದಿರುತ್ತೆ.

ಇನ್ನು ಕೆಲಸದ ಕ್ರಮ. ಎರಡು ಫ್ಲಾಟ್ ಇರೋದೇ ನಿಮ್ಮ ದೊಡ್ಡ ಅನುಕೂಲ, ಬಾಡಿಗೆ ಮನೆ ಹುಡುಕಬೇಕಿಲ್ಲ. ನೀವು ಈಗಿರೋ ಕಡೆನೇ ಇರಿ, ಹೊಸದರಲ್ಲಿ ಪೈಪು, ವೈರಿಂಗು, ನೆಲ ಮುಗಿಸಿ. ಆಮೇಲೆ ನಿಮ್ಮ ಕಡೆಯಿಂದ ಪ್ಲೈವುಡ್ ಮತ್ತೆ ದಪ್ಪ ಪ್ಲಾಸ್ಟಿಕ್ ಹೊಡೆದು ಅಂಚಿಗೆಲ್ಲ ಟೇಪ್ ಹಾಕಿ, ಹೊಸ ನೆಲದ ಮೇಲೆ ಹಲಗೆ ಹಾಸಿ, ಆ ಕಡೆಯಿಂದ ಗೋಡೆ ಕೊಯ್ಸಿ. ಹೊಸದಕ್ಕೆ ಸಾಮಾನು ಸಾಗಿಸಿ ಹಳೇದನ್ನ ಬಿಚ್ಚಿ. ಹೊಸ ಪ್ಲಾಸ್ಟರು ಹಳೇದಕ್ಕೆ ಸೇರೋ ಕಡೆ ಮೆಷ್ ಹಾಕಿಸಿ, ಇಲ್ಲಾಂದ್ರೆ ಅಲ್ಲೇ ಕೂದಲೆಳೆ ಬಿರುಕು ಬರುತ್ತೆ, ಸಿಮೆಂಟ್ ಪ್ಲಾಸ್ಟರಿಗೆ ಕನಿಷ್ಠ 28 ದಿನ ಬಿಟ್ಟು ಕ್ಷಾರ ತಡೆಯೋ ಪ್ರೈಮರ್ ಹೊಡೆಸಿ. ಹೊಸ ಫ್ಲಾಟ್ ಮುಗೀತಲ್ಲ, ಅದಕ್ಕೆ ಈಗಲೇ ಬಣ್ಣ ಹಾಕ್ಬಿಡೋಣ ಅಂತ ಆಸೆ ಆಗುತ್ತೆ, ತಡೀರಿ. ಅಲ್ಲಿ ಬರೀ ಪ್ರೈಮರ್ ಹೊಡೆಸಿ ಎರಡು ಮೂರು ತಿಂಗಳು ಹಾಗೇ ಇರಿ. ಎರಡೂ ಕಡೆ ಗೋಡೆ ಒಣಗಿದ ಮೇಲೆ ಒಂದೊಂದು ಬಣ್ಣದ ಎಲ್ಲಾ ಡಬ್ಬಗಳನ್ನ ಒಂದು ದೊಡ್ಡ ಬಕೆಟ್ಟಿಗೆ ಸುರಿದು ಕಲಸಿ, ಈ ತುದಿಯಿಂದ ಆ ತುದಿಗೆ ಒಂದೇ ಸಲ ಹೊಡೆಸಿ, ಆ ಅರಿಶಿನದ ಪಟ್ಟಿ ಮಾತ್ರ ಕೊನೇಗೆ ಇಟ್ಕೊಳ್ಳಿ, ಅದನ್ನ ಮಕ್ಕಳ ಕೈಗೆ ಬ್ರಷ್ ಕೊಟ್ಟು ಹೊಡೆಸಿ.